ಎಲೆಯಂಚಿನ ನೀಲಿ

ಎಂಎಸ್ಸಿ ಕೊನೆಯ ವರ್ಷದಲ್ಲಿ ನನಗೂ ನನ್ನ ಗೆಳತಿಗೂ ಒಂದೇ ಪ್ರಾಜೆಕ್ಟ್. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ತನ್ನ ಜೀನಿನ ತುಣುಕನ್ನು ಗಿಡದ ಜೀವಕೋಶದೊಳಗೆ ಸೇರಿಸುತ್ತದೆ. ಆ ತುಣುಕಿನ ಜಾಗದಲ್ಲಿ ನಮಗೆ ಬೇಕಾದ ಜೀನ್ ಇಟ್ಟರೆ ಅದನ್ನೂ ಸೇರಿಸುತ್ತದೆ. ನಾವು ಇಟ್ಟದ್ದು ಎಲೆಗೆ ನೀಲಿ ಬರಿಸುವ ಜೀನ್.

ಗೆಳತಿ ಬರುತ್ತಿದ್ದುದು ಬಜಪೆಯಿಂದ, ಬಸ್ಸಿನಲ್ಲಿ. ಅವಳ ಜಡೆ ಸೊಂಟ ದಾಟುತ್ತಿತ್ತು. ಲ್ಯಾಬಿಗೆ ತುರುಬು ಕಟ್ಟಿಯೇ ಬರಬೇಕೆಂದು ನಮ್ಮ ಮೇಡಂ ದಿನಾ ಹೇಳುತ್ತಿದ್ದರು.

"ಎಂತ, ಇವತ್ತೂ ಬಾಲ ಬಿಟ್ಟುಕೊಂಡು ಬಂದದ್ದಾ?"

"ಬಸ್ಸಿನ ರಶ್ಶಲ್ಲಿ ಬಿಚ್ಚಿಹೋಯ್ತು ಮೇಡಂ. ಇದೊಂದು ಪ್ಲೇಟ್ ಮುಗಿಸಿ ಕಟ್ತೇನೆ."

ಸೋಸಿದ ಗಾಳಿಯನ್ನು ನಮ್ಮ ಕಡೆಗೆ ಬೀಸುವ ಗಾಜಿನ ಪೆಟ್ಟಿಗೆಯೆದುರು ಕುಳಿತು ಅವಳು ತಂಬಾಕಿನ ಎಲೆ ಕತ್ತರಿಸಿ, ಚೂರುಗಳನ್ನು ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ಅದ್ದುತ್ತಿದ್ದಳು. ಕತ್ತರಿಸಿದ ಅಂಚಿನಲ್ಲಿ ಒಸರುವ ರಸವೇ ಬ್ಯಾಕ್ಟೀರಿಯಾವನ್ನು ಕರೆಯುತ್ತದೆ.

"ಗಾಯ ನೋಡಿ ನುಗ್ಗುವ ಕಳ್ಳ ಮಾರಾಯ್ತಿ ಇದು," ಎಂದೆ.

"ಕಳ್ಳ ತಕ್ಕೊಂಡು ಹೋಗ್ತಾನೆ. ಇದು ಕೊಟ್ಟು ಹೋಗುದಲ್ವಾ?"

ನಗುತ್ತಲೇ ಅವಳು, ದೀಪದಲ್ಲಿ ಕಾಯಿಸಿದ, ಚೂರು ಹಿಡಿಯುವ ಫೋರ್ಸೆಪ್ಸನ್ನು ಆರುವ ಮೊದಲೇ ಸ್ಪಿರಿಟ್ಟಿನ ಬೀಕರಿಗೆ ಹಾಕಿದಳು. ಅದು ಭಗ್ಗೆಂದಿತು. ಬೆಚ್ಚಿದ ಕೈ ತಾಗಿ ಬೀಕರು ಮಗುಚಿತು. ಹಗಲಿನಲ್ಲಿ ಸ್ಪಿರಿಟ್ಟಿನ ಬೆಂಕಿ ಸರಿಯಾಗಿ ಕಾಣುವುದೂ ಇಲ್ಲ. ಬೀಸುವ ಗಾಳಿಗೆ ಅದು ಅವಳ ಮುಖದತ್ತ ಬಾಗಿದ್ದಷ್ಟೇ ಕಂಡಿತು. ಈಗಲೂ ಬಟ್ಟೆ ಒಗೆಯುವಾಗ, ಬಸ್ಸಿನಲ್ಲಿ ಕುಳಿತಿರುವಾಗ, ಅದು ಕಣ್ಣೆದುರು ಬಾಗುತ್ತದೆ. ಆಗೆಲ್ಲ ಮುಂದಿನದನ್ನು ಬೇಗಬೇಗ ನೆನಪಿಸಿಕೊಳ್ಳುತ್ತೇನೆ.

ಮೇಡಂ ಹಿಂದಿನಿಂದ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆದರು. ಸಿಕ್ಕಿದ್ದು ಜಡೆ. ಗೆಳತಿ ಸ್ಟೂಲಿನ ಸಮೇತ ನೆಲಕ್ಕೆ ಬಿದ್ದಳು.

"ಫ್ಯಾನ್ ಆಫ್ ಮಾಡು!"

ನಾನು ಗಾಜಿನ ಪೆಟ್ಟಿಗೆಯ ಸ್ವಿಚ್ ಒತ್ತಿದೆ. ಅವರು ಒದ್ದೆ ಟವೆಲು ಹಾಸಿ ಬೆಂಕಿ ಆರಿಸಿದರು.

ಗೆಳತಿಯ ಹುಬ್ಬು ಸ್ವಲ್ಪ ಸುಟ್ಟಿತ್ತು, ಅಷ್ಟೆ. "ಬೆಂಕಿಗಿಂತ ನೀವು ಎಳೆದದ್ದೇ ಜಾಸ್ತಿ ನೋವು ಮೇಡಂ," ಎಂದು ಅಳುತ್ತಲೇ ನಕ್ಕಳು.

"ಮುಖ ಉಂಟಲ್ಲ, ಸಾಕು," ಎಂದರು ಮೇಡಂ. ಜಡೆ ಎಳೆದ ಆ ಕೈಗೆ ನಾನು ಎಷ್ಟು ಋಣಿಯೋ, ತುರುಬು ಬಿಚ್ಚಿದ ಬಸ್ಸಿನ ನೂಕುನುಗ್ಗಲಿಗೂ ಅಷ್ಟೇ.

ಬೆಂಕಿಗೂ ಮೊದಲೇ ಮುಗಿಸಿ ಬೇರೆಡೆ ಇಟ್ಟಿದ್ದ ಒಂದು ಪ್ಲೇಟು ಉಳಿದಿತ್ತು. ಕೆಲವು ದಿನ ಕಳೆದು ಅದರ ಎಲೆಚೂರುಗಳನ್ನು ಜೀನ್ ಸೇರಿದಲ್ಲಿ ಮಾತ್ರ ಬಣ್ಣ ಬರಿಸುವ ದ್ರಾವಣದಲ್ಲಿ ನೆನೆಸಿ ಮೈಕ್ರೋಸ್ಕೋಪಿನಡಿ ಇಟ್ಟೆವು. ಕತ್ತರಿಸಿದ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳು.

"ಕೊಟ್ಟಿದೆ ಮಾರಾಯ್ತಿ!" ಗೆಳತಿ ಇನ್ನಷ್ಟು ಬಗ್ಗಿದಳು. ಜಡೆ ಮುಂದಕ್ಕೆ ಜಾರಿತು.

ಇನ್ನು ಬೈಗುಳವೇ ಎಂದು ನಾನು ಮೇಡಂ ಮುಖ ನೋಡಿದೆ. ಅವರು ಜಡೆಯನ್ನು ಮೆಲ್ಲನೆ ಎತ್ತಿ, ಅವಳು ನೋಡಿ ಮುಗಿಸುವವರೆಗೂ ಹಿಡಿದುಕೊಂಡೇ ನಿಂತರು.