ಅಮ್ಮ ಮುಟ್ಟದ ಬೆಲ್ಲ ನೀರು

ನನ್ನ ಅಮ್ಮ ಸಂತೆಯಲ್ಲಿ ಚಾಪೆ ಮಾರುತ್ತಿದ್ದಳು. ಇದನ್ನು ಹೇಳಿದರೆ ಈಗಲೂ ಕೆಲವರು ಮುಖ ಸಣ್ಣದು ಮಾಡಿಕೊಂಡು "ಪಾಪ" ಎನ್ನುತ್ತಾರೆ. ಪಾಪ ಎಂತದ್ದೂ ಇಲ್ಲ. ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಿಂದ ಕೇದಗೆ ಜಾತಿಯ ಮುಂಡೇವಿನ ಎಲೆ ಕೊಯ್ದು ತಂದು, ಮುಳ್ಳು ತೆಗೆದು, ಸೀಳಿ, ಒಣಗಿಸಿ, ಹೆಣೆದು, ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಅವಳು ಹೊರಟಳೆಂದರೆ ಎದುರಿಗೆ ಬರುವ ಗಂಡಸರು ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಮರ್ಯಾದೆಗಲ್ಲ, ಸುರುಳಿಯ ತುದಿ ಕಣ್ಣಿಗೆ ತಾಗದಿರಲಿ ಎಂದು. ಅಮ್ಮನಿಗೆ ಎರಡೂ ಒಂದೇ ಆಗಿತ್ತು.

ಸಂತೆ ಸೇರುತ್ತಿದ್ದದ್ದು ಪುಂಜಾಲಕಟ್ಟೆಯಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ದೊಡ್ಡ ಮಾವಿನ ಮರದ ಸುತ್ತಲಿನ ಬಯಲಿನಲ್ಲಿ. ಗುರುವಾರ ಬಂತೆಂದರೆ ಅಳದಂಗಡಿ ಕಡೆಯ ಹೆಂಗಸರು ವೀಳ್ಯದೆಲೆ ತರುತ್ತಿದ್ದರು, ನೆರಿಯದ ಕಾಡಂಚಿನವರು ಸೀಗೆಕಾಯಿ ಮತ್ತು ಜೇನು ತರುತ್ತಿದ್ದರು. ಬಂಟ್ವಾಳದಿಂದ ಒಣಮೀನಿನ ಬ್ಯಾರಿ ಬರುತ್ತಿದ್ದ. ಯಾರ ಜಾಗ ಯಾವುದೆಂದು ಎಲ್ಲಿಯೂ ಬರೆದಿರಲಿಲ್ಲ. ಅತ್ತೆ ಕೂತಲ್ಲಿ ಸೊಸೆ ಕೂರುತ್ತಿದ್ದಳು, ಅಷ್ಟೇ. ಮರದ ಬುಡದ ದೊಡ್ಡ ಬೇರಿನ ಪಕ್ಕದ ಜಾಗ ನನ್ನ ಅಜ್ಜಿಯದಾಗಿತ್ತು, ಆಮೇಲೆ ಅಮ್ಮನದಾಯಿತು. ಚಾಪೆ ಕೊಳ್ಳಲು ಬಂದವರು ಮೊದಲು ಅದನ್ನು ಬಿಡಿಸಿ, ಅದರ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿ, ಕೊನೆಗೆ "ಇದು ಸ್ವಲ್ಪ ಸಡಿಲ ಉಂಟು" ಎಂದು ಎದ್ದು ಹೋಗುತ್ತಿದ್ದರು. ಅಮ್ಮನಿಗೆ ಅದರಿಂದ ಬೇಸರವಿರಲಿಲ್ಲ. ಮುಂದಿನ ಗುರುವಾರ ಅವರೇ ಬಂದು ಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ನಾನು ಮೂಡಬಿದಿರೆಯ ಹೈಸ್ಕೂಲಿಗೆ ಹೋಗಲಿಕ್ಕೆ ಸಾಧ್ಯವಾದದ್ದು ಆ ಚಾಪೆಗಳಿಂದ.

ಆ ಬಯಲು ಊರಿನ ದೊಡ್ಡ ಜಮೀನ್ದಾರರಾದ ಗುತ್ತಿನ ಮನೆಯವರದ್ದು. ನಾವಿದ್ದ ಮನೆ, ಅಪ್ಪ ಉಳುತ್ತಿದ್ದ ಗದ್ದೆ ಎರಡೂ ಅವರದ್ದೇ, ಚಾಲಗೇಣಿಗೆ. ಅಂದರೆ ಗುತ್ತಿನ ಧಣಿ ಏಳು ಎಂದ ದಿನ ಏಳಬೇಕು. ಉಳುವವನಿಗೆ ಭೂಮಿ ಕೊಡುವ ಕಾನೂನು ಬರಲು ಇನ್ನೂ ವರ್ಷಗಳಿದ್ದವು. ಧಣಿಯ ಮುಂದೆ ಅಪ್ಪ ಬಾಯಿ ತೆರೆದದ್ದನ್ನು ನಾನು ನೋಡಿಯೇ ಇಲ್ಲ.

ಒಂದು ಬೇಸಿಗೆಯ ಆರಂಭದಲ್ಲಿ ಮಂಗಳೂರಿನ ಒಬ್ಬ ಸಾಹುಕಾರರು ಕಾರಿನಲ್ಲಿ ಬಂದು ಬಯಲನ್ನು ನೋಡಿ ಹೋದರು. ಅಲ್ಲಿ ದೊಡ್ಡ ಮಳಿಗೆ ಬರುತ್ತದೆ ಎಂಬ ಸುದ್ದಿ ಅವರ ಹಿಂದೆಯೇ ಬಂತು. ಉಪ್ಪಿನಿಂದ ಹಿಡಿದು ರೇಷ್ಮೆ ಸೀರೆಯವರೆಗೆ, ಪಾತ್ರೆ, ಸೀಮೆಎಣ್ಣೆ, ಕಾರ್ಖಾನೆಯ ಚಾಪೆ, ಎಲ್ಲವೂ ಒಂದೇ ಮಾಡಿನ ಅಡಿಯಲ್ಲಂತೆ. ಗಾಜಿನ ಕಪಾಟುಗಳಂತೆ. ಸುಳ್ಳು ಯಾಕೆ ಹೇಳಲಿ, ಗಾಜಿನ ಕಪಾಟು ನೋಡುವ ಆಸೆ ನನಗೂ ಇತ್ತು. ಆದರೆ ಮುಂದಿನ ಗುರುವಾರ ನಾವು ಹೋಗುವಾಗ ಬಯಲಿನ ಸುತ್ತ ಗೂಟ ಹೊಡೆದಿದ್ದರು. ಒಂದು ಗೂಟ ಸರಿಯಾಗಿ ಅಮ್ಮ ಕೂರುವ ಬೇರಿನ ಪಕ್ಕದಲ್ಲಿತ್ತು. ನನ್ನ ಆಸೆ ಅಲ್ಲಿಗೇ ಸತ್ತಿತು.

ಮಧ್ಯಾಹ್ನ ಧಣಿ ಸ್ವತಃ ಬಂದರು. ಕೊಡೆ ಮಡಚದೆ ನಿಂತುಕೊಂಡು ಹೇಳಿದರು: "ಯಾರೂ ಹೆದರುವುದು ಬೇಡ. ಮಳಿಗೆ ಎದ್ದ ಮೇಲೆ ನಿಮಗೆಲ್ಲ ಅದರ ಹಿಂದೆ ಜಾಗ ಕೊಡ್ತಾರೆ."

"ಹಿಂದೆ ತೋಡು ಅಲ್ಲವಾ ಇರುವುದು ಧಣಿಗಳೇ?" ಎಂದು ಅಮ್ಮ ಕೇಳಿದಳು.

"ತೋಡಿನ ಬದಿಯಲ್ಲಿ."

"ಅಲ್ಲಿಗೆ ಯಾರು ಬರ್ತಾರೆ?"

ಧಣಿ ಅವಳನ್ನೊಮ್ಮೆ ನೋಡಿ, ತಿರುಗಿ ನಡೆದರು. ಒಕ್ಕಲಿನ ಹೆಂಗಸು ಎದುರು ಪ್ರಶ್ನೆ ಕೇಳಿದ್ದು ಅವರಿಗೆ ಹಿಡಿಸಲಿಲ್ಲ ಎಂಬುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಸಂತೆ ಮುಗಿಯುವ ಹೊತ್ತಿಗೆ ಎಲ್ಲರೂ ಮರದ ಕೆಳಗೆ ಸೇರಿದರು. ಒಣಮೀನಿನ ಬ್ಯಾರಿ ಹಿರಿಯ, ಅವನ ಮಾತಿಗೆ ಬೆಲೆ ಇತ್ತು. "ನಾವೆಲ್ಲ ಒಟ್ಟಿಗೆ ಗುತ್ತಿನ ಚಾವಡಿಗೆ ಹೋಗಿ ಧಣಿಗಳ ಕಾಲು ಹಿಡಿಯುವ, ಅಕ್ಕ. ಬೇರೆ ದಾರಿ ಇಲ್ಲ" ಎಂದ.

"ಅವರ ಕಾಲು ಹಿಡಿದು ಎಂತ ಪ್ರಯೋಜನ ಬ್ಯಾರಿ? ಜಾಗ ಅವರದ್ದಾ?" ಎಂದಳು ಅಮ್ಮ.

ಅಮ್ಮ ಹೊಸದೇನನ್ನೂ ಹೇಳಿರಲಿಲ್ಲ. ಗುತ್ತಿನವರದ್ದು ಅಳಿಯಕಟ್ಟು. ಆಸ್ತಿ ಹೆಂಗಸರ ಕಡೆಯಿಂದ ಇಳಿದು ಬರುವುದು. ಧಣಿ ಯಜಮಾನಿಕೆ ನಡೆಸುವವರು ಮಾತ್ರ, ಅವರ ಅಕ್ಕನ ಒಪ್ಪಿಗೆ ಇಲ್ಲದೆ ಒಂದು ಹಿಡಿ ಮಣ್ಣನ್ನೂ ಕೊಡುವ ಹಾಗಿಲ್ಲ. ಇದು ಊರಿನ ಎಲ್ಲರಿಗೂ ಗೊತ್ತು. ಆದರೆ ಚಾವಡಿಯಲ್ಲಿ ಕಾಣಿಸುವುದು ಧಣಿ ಒಬ್ಬರೇ. ಅಕ್ಕ ಹಿಂದಿನ ಜಗಲಿಯಲ್ಲಿ, ಭತ್ತ ಮತ್ತು ಉಪ್ಪಿನಕಾಯಿ ಭರಣಿಗಳ ನಡುವೆ ಇರುವವರು. ಹಾಗಾಗಿ ಯಾರಿಗೂ ಅವರ ನೆನಪಾಗಲಿಲ್ಲ. ಸಾಹುಕಾರರು ಚಾವಡಿಯಲ್ಲಿ ಧಣಿಯ ಕೈಯಿಂದ ವೀಳ್ಯ ತೆಗೆದುಕೊಂಡು ಕೆಲಸ ಆಯಿತೆಂದು ಹೊರಟುಹೋಗಿದ್ದರು. ಧಣಿಯೂ ಹಾಗೇ ತಿಳಿದರು.

ಧಣಿಯ ಅಕ್ಕನನ್ನೇ ಕಂಡು ಕೇಳುತ್ತೇನೆ ಎಂದು ಅಮ್ಮ ಮನೆಯಲ್ಲಿ ಹೇಳಿದಾಗ ಅಪ್ಪ ಊಟ ಬಿಟ್ಟರು.

"ನಿನಗೆ ತಲೆ ಸರಿ ಉಂಟಾ?" ಎಂದರು. "ಅವರು ಮನೆ ಬಿಡಿಸಿದರೆ ಈ ಹುಡುಗಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?"

"ಮನೆ ಬಿಡಿಸಿದರೆ ಇನ್ನೊಂದು ಮನೆ ಹುಡುಕುವ. ಸಂತೆ ಹೋದರೆ ಇನ್ನೊಂದು ಸಂತೆ ಎಲ್ಲಿ ಹುಡುಕುವುದು?"

ಅಪ್ಪನ ಹೆದರಿಕೆ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೆ. ಯಾವಾಗಲೂ ಹೆದರಿಯೇ ಬದುಕಬೇಕಾ ಎಂದು ಕೇಳಿಯೂಬಿಟ್ಟೆ. ಅಮ್ಮ ನನ್ನನ್ನು ಗದರಿಸಿ, ಮರುದಿನ ಜೊತೆಗೆ ಬರಲು ಹೇಳಿದಳು.

ನಾವು ಚಾವಡಿಯನ್ನು ಬಳಸಿಕೊಂಡು ಹಿಂದಿನ ಜಗಲಿಗೆ ಹೋದೆವು. ಗುತ್ತಿನಮ್ಮ, ಅಂದರೆ ಧಣಿಯ ಅಕ್ಕ, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಮ್ಮನ್ನು ಕಂಡು ಕೈ ತೊಳೆದುಕೊಂಡು, ಎಲ್ಲರಿಗೂ ಮಾಡುವ ಹಾಗೆ ಒಂದು ಗಿಂಡಿ ನೀರು, ಬಾಳೆಲೆಯ ತುಂಡಿನಲ್ಲಿ ಬೆಲ್ಲ ತಂದು ಅಮ್ಮನ ಮುಂದಿಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ. ಅದನ್ನು ತೆಗೆದುಕೊಂಡರೆ ನಿಮ್ಮ ಮೇಲೆ ನಮಗೇನೂ ಇಲ್ಲ ಎಂದು ಹೇಳಿದ ಹಾಗೆ. ಮುಟ್ಟದಿದ್ದರೆ ಜಗಳಕ್ಕೇ ಬಂದ ಹಾಗೆ. ನೆಂಟರ ನಡುವೆಯೂ ಅದನ್ನು ಯಾರೂ ಸುಲಭವಾಗಿ ಮಾಡುವುದಿಲ್ಲ.

ಅಮ್ಮ ಮುಟ್ಟಲಿಲ್ಲ.

"ಎಂತ, ನೀರು ಕುಡಿಯುವುದಿಲ್ಲವಾ?" ಗುತ್ತಿನಮ್ಮನ ಮುಖ ಕೆಂಪಾಗಿತ್ತು.

"ಮಾತು ಮುಗಿಯಲಿ ಅಮ್ಮ."

"ಈ ಜಗಲಿಯಲ್ಲಿ ಇದುವರೆಗೆ ಯಾರೂ ಹೀಗೆ ಕೂತದ್ದಿಲ್ಲ."

"ನಾನೂ ಸಂತೋಷಕ್ಕೆ ಕೂತದ್ದಲ್ಲ. ಸಂತೆಯ ಬಯಲನ್ನು ಮಳಿಗೆಗೆ ಕೊಡ್ಲಿಕ್ಕೆ ನೀವು ಒಪ್ಪಿದ್ದೀರಾ?"

"ಯಾವ ಮಳಿಗೆ?"

ಅವರಿಗೆ ಏನೂ ಗೊತ್ತಿರಲಿಲ್ಲ. ಅಮ್ಮ ಸಾಹುಕಾರರ ವಿಷಯ, ಗೂಟಗಳ ವಿಷಯ ಹೇಳಿದಳು. ಗುತ್ತಿನಮ್ಮ ಹುಣಸೆಯ ಮಣೆಯನ್ನು ಪಕ್ಕಕ್ಕೆ ಸರಿಸಿ, ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಂಡರು. ತಮ್ಮ ತನ್ನಲ್ಲಿ ಒಂದು ಮಾತು ಕೇಳಲಿಲ್ಲ ಎಂಬ ನೋವನ್ನು ಒಕ್ಕಲಿನವಳ ಮುಂದೆ ತೋರಿಸಬಾರದೆಂದು ಅವರು ಬಹಳ ಕಷ್ಟಪಟ್ಟರು.

ಆಮೇಲೆ ಕೇಳಿದರು: "ದೊಡ್ಡ ಮಳಿಗೆ ಬಂದರೆ ಊರಿಗೆ ಒಳ್ಳೆಯದೇ ಅಲ್ಲವಾ? ಎಲ್ಲ ಒಂದೇ ಕಡೆ ಸಿಗ್ತದೆ."

"ಬರಲಿ ಅಮ್ಮ, ರಸ್ತೆಯ ಆಚೆ ಬರಲಿ. ನಾನೇ ಹೋಗಿ ಉಪ್ಪು ತರ್ತೇನೆ. ಆದರೆ ಆ ಮಳಿಗೆಯಲ್ಲಿ ನಾವು ಕೊಳ್ಳಬಹುದು, ಮಾರ್ಲಿಕ್ಕೆ ಆಗ್ತದಾ? ನನ್ನ ಚಾಪೆಯನ್ನು ಆ ಸಾಹುಕಾರರು ತೆಗೆದುಕೊಳ್ತಾರಾ? ನೆರಿಯದಿಂದ ಸೀಗೆಕಾಯಿ ಹೊತ್ತು ತರುವವಳು ಅದನ್ನು ಗಾಜಿನ ಕಪಾಟಿನಲ್ಲಿ ಇಡ್ತಾಳಾ? ಮಾರ್ಲಿಕ್ಕೆ ಜಾಗ ಇಲ್ಲದಿದ್ದರೆ ಕೊಳ್ಳಲಿಕ್ಕೆ ನಮ್ಮ ಕೈಯಲ್ಲಿ ಎಂತ ಇರ್ತದೆ?"

ಗುತ್ತಿನಮ್ಮ ಗಿಂಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. "ಈಗ ಕುಡಿ."

"ನಿಮ್ಮ ಮಾತು?"

"ತಮ್ಮನಲ್ಲಿ ಮಾತಾಡದೆ ನಿನಗೆ ಎಂತ ಹೇಳಲಿ?"

"ಹಾಗಾದರೆ ನೀರು ಇರಲಿ ಅಮ್ಮ" ಎಂದು ಅಮ್ಮ ಎದ್ದಳು. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಅಮ್ಮನ ಕೈ ಹಿಡಿದೆ. ಅವಳ ಕೈ ತಣ್ಣಗಿತ್ತು. ಅಷ್ಟು ಗಟ್ಟಿಯಾಗಿ ಮಾತಾಡಿದವಳಿಗೂ ಹೆದರಿಕೆ ಇತ್ತೆಂದು ನನಗೆ ತಿಳಿದದ್ದು ಆಗ.

ಮುಂದಿನ ಗುರುವಾರ ನಾವು ಹೋಗುವಷ್ಟರಲ್ಲಿ ಗುತ್ತಿನ ಆಳು ಗೂಟಗಳನ್ನು ಕಿತ್ತು ರಾಶಿ ಹಾಕುತ್ತಿದ್ದ. "ಗುತ್ತಿನಮ್ಮ ಆಗುವುದಿಲ್ಲ ಅಂದರಂತೆ" ಎಂದಷ್ಟೇ ಹೇಳಿದ. ಯಾರೂ ಕುಣಿಯಲಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತು ವ್ಯಾಪಾರ ಶುರು ಮಾಡಿದರು. ಬ್ಯಾರಿ ಮಾತ್ರ ಎದ್ದು ಬಂದು ಒಣ ಸಿಗಡಿಯನ್ನು ಅಮ್ಮನ ಬುಟ್ಟಿಗೆ ಸುರಿದ. ಬೇಡ ಬೇಡ ಎಂದರೂ ಕೇಳಲಿಲ್ಲ.

ಅಕ್ಕನ ಮುಂದೆ ಧಣಿಯ ಆಟ ನಡೆಯಲಿಲ್ಲ. ಆದರೆ ಒಕ್ಕಲನ್ನು ಇಡುವುದು, ಬಿಡಿಸುವುದು ಯಜಮಾನನ ಕೈಯಲ್ಲಿತ್ತು. ಹೊಸ ವರ್ಷದ ಬಿಸು ಹಬ್ಬಕ್ಕೆ ಮುಂಚೆ ಅವರು ನಮ್ಮ ಅಂಗಳಕ್ಕೆ ಬಂದು, ಅಪ್ಪನ ಹತ್ತಿರ, "ಹಬ್ಬ ಕಳೆದ ಮೇಲೆ ಜಾಗ ಬಿಡು. ಬೇರೆಯವರಿಗೆ ಕೊಟ್ಟಾಗಿದೆ" ಎಂದರು. ಅಪ್ಪ ಕಾಲಿಗೆ ಬಿದ್ದರು. ಧಣಿ ಕೆಳಗೆ ನೋಡಲೂ ಇಲ್ಲ. ಗುತ್ತಿನಮ್ಮನ ಹತ್ತಿರ ಹೋಗಿ ಕೇಳುತ್ತೇನೆ ಎಂದು ನಾನು ಹೊರಟೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅವರಲ್ಲಿ ಅದನ್ನು ಕೇಳಬಾರದು."

"ಯಾಕೆ ಕೇಳಬಾರದು? ಅವರಿಂದಲೇ ತಾನೇ ಇದೆಲ್ಲ?"

"ನಮ್ಮಿಂದ" ಎಂದಳು ಅಮ್ಮ. "ಗೊತ್ತಿದ್ದೇ ಹೋದದ್ದು."

ಬ್ಯಾರಿ ಸಂತೆಯ ಹತ್ತಿರ ಮೀನು ದಾಸ್ತಾನು ಇಡುತ್ತಿದ್ದ ಕೊಟ್ಟಿಗೆಯ ಅರ್ಧ ಭಾಗವನ್ನು ನಮಗೆ ಬಿಟ್ಟುಕೊಟ್ಟ. ಅಪ್ಪ ಅಮ್ಮನೊಡನೆ ಮಾತು ಬಿಟ್ಟಿದ್ದರು. ಆದರೂ ಪಾತ್ರೆಗಳ ಭಾರದ ಗಂಟನ್ನು ಅವರೇ ಹೊತ್ತುಕೊಂಡು ಮುಂದೆ ನಡೆದರು. ನಾವಿಬ್ಬರೂ ಚಾಪೆಗಳ ಸುರುಳಿ ಹೊತ್ತು ಹಿಂದಿನಿಂದ ಹೊರಟೆವು. ದಾರಿ ಗುತ್ತಿನ ಹಿತ್ತಿಲಿನ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಗುತ್ತಿನಮ್ಮ ಒಬ್ಬರೇ ನಿಂತಿದ್ದರು. ಒಂದು ಕೈಯಲ್ಲಿ ಗಿಂಡಿ, ಇನ್ನೊಂದರಲ್ಲಿ ಬಾಳೆಲೆಯ ತುಂಡು.

"ನಿನ್ನ ಮನೆ ಉಳಿಸಲಿಕ್ಕೆ ನನ್ನಿಂದ ಆಗಲಿಲ್ಲ" ಎಂದರು. "ಇವತ್ತೂ ಕುಡಿಯುವುದಿಲ್ಲವೋ ಏನೋ."

ಅಮ್ಮ ಸುರುಳಿಯನ್ನು ಇಳಿಸಿದಳು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಗಿಂಡಿಯನ್ನು ಎತ್ತಿ, ನೀರನ್ನು ಪೂರ್ತಿ ಕುಡಿದಳು.

"ನಾನು ನಿಮ್ಮಲ್ಲಿ ಕೇಳಿದ್ದು ಸಂತೆ, ಅಮ್ಮ" ಎಂದಳು. "ಅದನ್ನು ನೀವು ಕೊಟ್ಟಿದ್ದೀರಿ."

ಖಾಲಿ ಗಿಂಡಿಯನ್ನು ಅವರ ಕೈಗೆ ಕೊಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಸುರುಳಿಯನ್ನು ಎತ್ತಿ ಅವಳ ತಲೆಯ ಮೇಲಿಟ್ಟೆ. ಮರುದಿನ ಗುರುವಾರವಾಗಿತ್ತು. ಬೆಳಿಗ್ಗೆ ಅಮ್ಮ ಬೇರಿನ ಪಕ್ಕದಲ್ಲಿ ಚಾಪೆ ಬಿಡಿಸಿ ಕೂತಾಗ, ಗೂಟ ಕಿತ್ತ ಗುಂಡಿ ಇನ್ನೂ ಅಲ್ಲೇ ಇತ್ತು. ಅವಳು ಅದರ ಮೇಲೆಯೇ ಕೂತಳು.