ಬೈಟು ಕಾಫಿಯ ಬಾಜಿ

ನಮ್ಮ ರಾಮಪ್ರಸಾದ ಅರವತ್ತರವರೆಗೆ ಒಮ್ಮೆಯೂ "ಗೆಲ್ತೀನಿ" ಅಂದವನಲ್ಲ. ಡಿಪ್ಲೊಮಾ ಪರೀಕ್ಷೆ ಬರೆದು ಹೊರಗೆ ಬಂದವನೇ, "ಫೇಲ್ ಆಗ್ತೀನಿ ಕಣೋ ದೇವರಾಜ್, ಬೇಕಾದ್ರೆ ಒಂದು ಬೈಟು ಕಾಫಿ ಬೆಟ್" ಅಂದ. ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಒಂದು ಕಾಫಿ ತರಿಸಿ ಎರಡು ಲೋಟಕ್ಕೆ ಹಂಚಿ ಕುಡಿದೆವು, ಬಿಲ್ ಅವನದು. ಪೀಣ್ಯದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಗುವುದಿಲ್ಲವೆಂದು ಇನ್ನೊಂದು ಬೆಟ್. ಇಬ್ಬರಿಗೂ ಸಿಕ್ಕಿತು. ಸೀತಾಲಕ್ಷ್ಮಿಯನ್ನು ನೋಡಲು ಹೋದಾಗ ಹುಡುಗಿ ಒಪ್ಪುವುದಿಲ್ಲವೆಂದು ಮತ್ತೊಂದು. "ಆ ಬೆಟ್ ಸೋತಿದ್ದು ಅವರು, ಇವತ್ತಿಗೂ ಕಾಫಿ ಮಾಡ್ತಿರೋಳು ನಾನು" ಎಂದು ಸೀತಾಲಕ್ಷ್ಮಿ ಈಗಲೂ ಹಂಗಿಸುತ್ತಾರೆ.

ಇದೆಲ್ಲ ವಿನಯವೆಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ವಿನಯ ಗಿನಯ ಏನೂ ಅಲ್ಲ, ಶುದ್ಧ ಪುಕ್ಕಲುತನ. ಬಾಯಿಬಿಟ್ಟು ಗೆಲ್ತೀನಿ ಅಂದರೆ ದೃಷ್ಟಿ ತಾಗುತ್ತದೆ, ಆಗಬೇಕಾದದ್ದೂ ಆಗದೆ ಹೋಗುತ್ತದೆ ಎಂಬ ಭಯ. ಇಷ್ಟಾಗಿ ನಾನು ಒಂದು ಬೆಟ್ಟನ್ನೂ ಬೇಡ ಅಂದವನಲ್ಲ. ಪುಕ್ಕಟೆ ಕಾಫಿ ಯಾರಿಗೆ ಬೇಡ?

ಕಾರ್ಖಾನೆಯ ಮನರಂಜನಾ ಕೋಣೆಯಲ್ಲಿ ಕೇರಂ ಬೋರ್ಡಿಗೆ ಸದಾ ನೂಕುನುಗ್ಗಲು. ಗೋಡೆಯ ಮೇಲೆ ಪುಟ್ಟ ಬಾಣ ಎಸೆದು ಗುರಿ ಹೊಡೆಯುವ ಡಾರ್ಟ್ ಬೋರ್ಡನ್ನು ಮಾತ್ರ ಕೇಳುವವರಿರಲಿಲ್ಲ. ಕೇರಂಗೆ ಸರದಿ ಸಿಗದ ರಾಮಪ್ರಸಾದ ಅದರ ಮುಂದೆ ನಿಂತ. ಡಾರ್ಟ್ ಎಸೆಯುವಾಗ ಅವನ ಮುಖ ನೋಡಬೇಕು, ಮೂವತ್ತು ವರ್ಷದ ಅಂಜಿಕೆಯೆಲ್ಲ ಆ ಒಂದು ಗಳಿಗೆ ಎಲ್ಲೋ ಅಡಗಿ ಕೂರುತ್ತಿತ್ತು. ನಿವೃತ್ತಿಯಾದ ಮೇಲೆ ಊಟಕ್ಕಿಂತ ಡಾರ್ಟೇ ಹೆಚ್ಚಾಯಿತು. ವೈಟ್‌ಫೀಲ್ಡಿನ ಮಾಲೊಂದರಲ್ಲಿ ವೃತ್ತಿಪರರ ಲೀಗ್ ಶುರುವಾದಾಗ ನಾನೇ ಬಲವಂತವಾಗಿ ಹೆಸರು ಬರೆಸಿದೆ. ಬೆನ್ನ ಮೇಲೆ ಹೆಸರಿರುವ ಅಂಗಿ ತೊಟ್ಟು, ಮಕ್ಕಳ ವಯಸ್ಸಿನವರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಸೆಮಿಫೈನಲ್ ಗೆದ್ದು ಫೈನಲ್ ತಲುಪಿದ.

ಸೆಮಿಫೈನಲ್ಲಿಗೆ ಮುಂಚೆ ಅವನ ಕಾಲರಿಗೆ ಒಂದು ಪುಟ್ಟ ಮೈಕ್ ಸಿಕ್ಕಿಸಿದ್ದರು. ಅದು ಚಾಲೂ ಇರುವುದು ಇವನಿಗೆ ಗೊತ್ತಿಲ್ಲ. "ಇವತ್ತು ಸೋಲ್ತೀನಿ ಕಣೋ, ಬೈಟು ಕಾಫಿ ಬೆಟ್" ಎಂದು ನನ್ನ ಕಿವಿಯಲ್ಲಿ ಹೇಳಿದ್ದು ನೇರಪ್ರಸಾರದಲ್ಲಿ ಊರಿಗೆಲ್ಲ ಕೇಳಿಸಿತು.

ಮರುದಿನವೇ ನೋಟಿಸು. ಲೀಗಿನ ಶಿಸ್ತು ನಿಯಮದಲ್ಲಿ ಎದುರಾಳಿ ಎಸೆಯುವಾಗ ಮಾತಾಡುವುದು ತಪ್ಪು, ಕೈಕುಲುಕದೆ ಹೋಗುವುದು ತಪ್ಪು. ಎಲ್ಲಕ್ಕಿಂತ ದೊಡ್ಡ ತಪ್ಪು, ಆಟಗಾರ ತಾನೇ ಸೋಲುತ್ತೇನೆಂದು ಬಾಜಿ ಕಟ್ಟುವುದು. ಅದಕ್ಕೆ ಎರಡು ವರ್ಷ ನಿಷೇಧ. ಅರವತ್ತರ ಕೈ ಎರಡು ವರ್ಷ ಕಾಯುತ್ತದೆಯೇ? ಫೈನಲ್ಲೂ ಹೋಯಿತು, ಆಟವೂ ಹೋಯಿತು ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ವಿಚಾರಣೆಗೆ ನಾವು ಮೂವರೂ ನಾಗಸಂದ್ರದಲ್ಲಿ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಇಳಿದು ವೈಟ್‌ಫೀಲ್ಡ್ ಗಾಡಿ ಹಿಡಿಯುವಾಗ ರಾಮಪ್ರಸಾದ ಮೆಲ್ಲಗೆ ಬಾಯಿ ತೆರೆದ. "ನಿಷೇಧ ಗ್ಯಾರಂಟಿ ಕಣೋ, ಬೇಕಾದ್ರೆ ಒಂದು..."

"ಬಾಯಿ ಮುಚ್ಕೊಂಡು ಬಾರೋ!" ಎಂದು ನಾನು ಕಿರುಚಿದ್ದಕ್ಕೆ ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು.

ಶಿಸ್ತು ಸಮಿತಿಯ ಅಧ್ಯಕ್ಷೆ ನೀಲಾಂಬಿಕಾ ಧಾರವಾಡದ ಕಡೆಯವರು, ವಕೀಲರು. ಕನ್ನಡಕ ಏರಿಸಿ ಕೇಳಿದರು. "ಏನ್ರಿ ರಾಮಪ್ರಸಾದ ಅವರ, ಸೋಲ್ತೀನಿ ಅಂತ ಬಾಜಿ ಕಟ್ಟಿದ್ದು ಖರೇನ?"

"ಖರೆ ಮೇಡಂ. ಪ್ರತಿ ಮ್ಯಾಚಿಗೂ ಕಟ್ತೀನಿ."

ನಾನು ತಲೆ ಚಚ್ಚಿಕೊಂಡೆ. ಸಾಕ್ಷಿಯಾಗಿ ನನ್ನನ್ನು ಕರೆದಾಗ ನಡೆದದ್ದನ್ನು ಹೇಳಿದೆ. ಗೆದ್ದಾಗಲೆಲ್ಲ ಕಾಫಿ ಕೊಡಿಸಿದ್ದಾನೆ. ಸೋತ ದಿನ ಬೆಟ್ ಗೆದ್ದರೂ, "ಸೋತಿದ್ದಕ್ಕೆ ಕಾಫಿ ಇಸ್ಕೊಳ್ಳೋದಾ?" ಎಂದು ಬಿಲ್ ತಾನೇ ಕೊಟ್ಟಿದ್ದಾನೆ. ಈ ಬಾಜಿಯಿಂದ ಲಾಭ ಆದದ್ದು ನನಗೊಬ್ಬನಿಗೇ ಎಂದೆ.

ನೀಲಾಂಬಿಕಾ ನಕ್ಕುಬಿಟ್ಟರು. ಮರುಗಳಿಗೆಗೆ ಮುಖ ಗಂಭೀರವಾಯಿತು. "ನಿಮಗ ರೊಕ್ಕದ ಆಸೆ ಇಲ್ಲ ಅನ್ನೂದು ತಿಳೀತ್ರಿ. ಆದ್ರ ಎದುರಿಗೆ ಆಡಾವ್ರಿಗೆ ಹೆಂಗ ಗೊತ್ತಾಗಬೇಕು, ನೀವು ಗೆಲ್ಲಾಕ ಬಂದೀರೋ ಸೋಲಾಕ ಬಂದೀರೋ ಅಂತ? ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀವಿ. ಇನ್ನ ಬಾಜಿ ಬಂದ್. 'ಫೈನಲ್ ಗೆಲ್ತೀನಿ ಅಂತ ಆಡ್ತೀನಿ' ಅಂತ ಈಗ ಸಮಿತಿ ಮುಂದ ಹೇಳ್ರಿ, ಸಾಕು."

ಇಷ್ಟು ಸುಲಭದ ಶಿಕ್ಷೆ ಯಾರಿಗುಂಟು! ಆದರೆ ರಾಮಪ್ರಸಾದ "ಪ್ರಯತ್ನ ಮಾಡ್ತೀನಿ" ಅಂದ. ಸಾಲದು ಅಂದರು. "ದೇವರಿಚ್ಛೆ" ಅಂದ. ದೇವರು ನಮ್ಮ ಲೀಗಿನಲ್ಲಿ ಆಡುತ್ತಿಲ್ಲ ಅಂದರು. ನಿಷೇಧವನ್ನಾದರೂ ಒಪ್ಪಿಕೊಂಡಾನು, ಆ ಒಂದು ಮಾತು ಹೇಳಲಾರ ಎಂದು ನನಗೆ ಖಾತ್ರಿಯಾಯಿತು.

ಹಿಂದಿನ ಕುರ್ಚಿಯಿಂದ ಸೀತಾಲಕ್ಷ್ಮಿ ಎದ್ದು ಅವನ ಪಕ್ಕಕ್ಕೆ ಬಂದರು. "ರೀ, ಒಂದೇ ಒಂದು ಸಲ ಅಂದ್ಬಿಡಿ. ಮನೆಗೆ ಹೋದ್ಮೇಲೆ ದೃಷ್ಟಿ ನಾನು ತೆಗೀತೀನಿ."

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ಕಹಿ ಕಷಾಯ ನುಂಗುವವನಂತೆ, "ಗೆಲ್ತೀನಿ ಅಂತ ಆಡ್ತೀನಿ ಮೇಡಂ" ಅಂದ. ಸಮಿತಿಯವರು ಚಪ್ಪಾಳೆ ತಟ್ಟಿದರು. ಮನೆಗೆ ಬಂದೊಡನೆ ಸೀತಾಲಕ್ಷ್ಮಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮೂವರೂ ಕೆಮ್ಮಿದೆವು.

ಫೈನಲ್ಲಿನಲ್ಲಿ ಎದುರಾಳಿ ಮಾರತ್ತಹಳ್ಳಿಯ ಚಿನ್ಮಯ್, ಸಾಫ್ಟ್‌ವೇರ್ ಕಂಪನಿಯವನು. ರಾಮಪ್ರಸಾದ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೊನೆಯ ಸುತ್ತಿನವರೆಗೂ ಸರಿಸಮ. ಗೆಲ್ಲಲು ಬೇಕಿದ್ದ ಒಂದು ಡಾರ್ಟ್ ಗೆರೆಯ ಆಚೆ, ಕೂದಲೆಳೆಯಷ್ಟು ದೂರದಲ್ಲಿ ಚುಚ್ಚಿಕೊಂಡಿತು. ಚಿನ್ಮಯ್ ತನ್ನ ಸರದಿಯಲ್ಲಿ ಆಟ ಮುಗಿಸಿದ.

ಬದುಕೆಲ್ಲ ಹೆದರಿದ್ದೇ ಆಗಿಹೋಯಿತಲ್ಲ! ಗೆಲ್ತೀನಿ ಅಂದ, ಊರೆದುರು ಸೋತ. ಅವನು ನಿಯಮದಂತೆ ಚಿನ್ಮಯನ ಕೈಕುಲುಕಿ, ನಿಯಮದಲ್ಲಿಲ್ಲದಿದ್ದರೂ ಬೆನ್ನು ತಟ್ಟಿ, ನಮ್ಮ ಹತ್ತಿರ ಬಂದ. ಮುಖದಲ್ಲಿ ಏನೋ ಬೆರಗು.

"ಸೋತೆ ಕಣೋ ದೇವರಾಜ್," ಅಂದ. "ಏನೂ ಆಗ್ಲಿಲ್ಲ!"

ಮೂವರೂ ಹೋಟೆಲಿಗೆ ಹೋದೆವು. ನಾನು ಮೂರು ಕಾಫಿ ಹೇಳಿದೆ, ಬೈಟು ಅಲ್ಲ, ಪೂರ್ತಿ ಮೂರು. ಬಿಲ್ ಬಂದಾಗ ಅಭ್ಯಾಸಬಲದಿಂದ ಅವನ ಕೈ ಜೇಬಿಗೆ ಹೋಯಿತು. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿ ಬಿಲ್ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

ರಾಮಪ್ರಸಾದ ಲೋಟ ಕೆಳಗಿಟ್ಟು, ಅಕ್ಕಪಕ್ಕದ ಟೇಬಲ್ಲಿನವರಿಗೂ ಕೇಳುವಂತೆ, "ಮುಂದಿನ ವರ್ಷ ಗೆಲ್ತೀನಿ ಕಣೋ!" ಅಂದ.

"ಮೆಲ್ಲಗೆ ಹೇಳ್ರೀ," ಅಂದರು ಸೀತಾಲಕ್ಷ್ಮಿ. "ಮನೇಲಿ ಮೆಣಸಿನಕಾಯಿ ಮುಗಿದಿದೆ."