ಮೂರು ಲಕೋಟೆಗಳ ಅಕ್ಕ

ನಮ್ಮ ಊರಿನಲ್ಲಿ ರಸ್ತೆ ಬದಿಗೆ ಕಲ್ಲು ಹಾಸಬೇಕಾದರೂ, ಆಸ್ಪತ್ರೆಗೆ ಬೆಂಚು ಮಾಡಿಸಬೇಕಾದರೂ ಮೂರು ಕಂಪನಿಗಳು ಜಿದ್ದಿಗೆ ಬಿದ್ದು ಪೈಪೋಟಿ ನಡೆಸುತ್ತಿದ್ದವು. ಹಾಗೆಂದು ಜನ ನಂಬಿದ್ದರು. ಆ ಮೂರೂ ಕಂಪನಿಗಳು ಇದ್ದದ್ದು ನಮ್ಮಕ್ಕನ ಹತ್ತು ಬೆರಳುಗಳಲ್ಲಿ.

ನಗರ ಕಚೇರಿಯ ಎದುರಿಗೇ ನಮ್ಮ ಅಂಗಡಿ. ಇರುವುದು ಎರಡು ಮೇಜು. ಮೂರನೆಯವರು ಬಂದರೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಒಂದು ಮೇಜಿನಲ್ಲಿ ಅಕ್ಕ ಟೈಪ್ ಮಾಡುತ್ತಾಳೆ, ಇನ್ನೊಂದರಲ್ಲಿ ನಾನು ಜೆರಾಕ್ಸ್ ಯಂತ್ರದ ಜೊತೆ ಜಗಳವಾಡುತ್ತೇನೆ. ಕಚೇರಿಯ ನಿಯಮ ಹೀಗಿತ್ತು: ಯಾವ ಕೆಲಸಕ್ಕೂ ಮೂರು ಬೇರೆ ಬೇರೆ ಕಂಪನಿಗಳಿಂದ ಮುಚ್ಚಿದ ಲಕೋಟೆಯಲ್ಲಿ ಕೊಟೇಶನ್ ಬರಬೇಕು, ಯಾರ ದರ ಕಡಿಮೆಯೋ ಅವರಿಗೆ ಕೆಲಸ. ನಮ್ಮ ಖಾಯಂ ಗಿರಾಕಿಯಾದ ಕಂಟ್ರಾಕ್ಟರ್ ಈ ನಿಯಮವನ್ನು ಬಹಳ ಭಕ್ತಿಯಿಂದ ಪಾಲಿಸುತ್ತಿದ್ದರು. ಯಾಕೆಂದರೆ ಮೂರೂ ಅವರವೇ. ಒಂದು ತಮ್ಮದೇ ಹೆಸರಲ್ಲಿ, ಒಂದು ಭಾವಮೈದುನನ ಹೆಸರಲ್ಲಿ, ಒಂದು ಅತ್ತೆಯ ಹೆಸರಲ್ಲಿ. ಕೆಲಸದ ಚೀಟಿಯನ್ನು ಅಕ್ಕನ ಮುಂದಿಟ್ಟು "ಮಾಮೂಲಿ" ಎಂದರೆ ಮುಗಿಯಿತು. ಮಾಮೂಲಿ ಎಂದರೆ ಅವರದ್ದು ಕಡಿಮೆ, ಭಾವಮೈದುನನದ್ದು ಸ್ವಲ್ಪ ಜಾಸ್ತಿ, ಅತ್ತೆಯದ್ದು ಕೇಳಿದವರು ಕುರ್ಚಿಯಿಂದ ಬೀಳುವಷ್ಟು ಜಾಸ್ತಿ.

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಕೆಲಸದಲ್ಲಿ ಎತ್ತಿದ ಕೈ. ಮೂರು ಪತ್ರಗಳು ಒಂದೇ ತರಹ ಕಂಡರೆ ಅವಳಿಗೆ ಅವಮಾನ. ಒಂದಕ್ಕೆ ನೀಲಿ ಸೀಲು, ಒಂದಕ್ಕೆ ನೇರಳೆ, ಒಂದಕ್ಕೆ ಕೆಂಪು. ಮೂರಕ್ಕೂ ಬೇರೆ ಬೇರೆ ಸ್ಟೇಪ್ಲರ್. ಕಂಟ್ರಾಕ್ಟರ್ ಪತ್ರ ಅತಿ ವಿನಯದ್ದು. ಭಾವಮೈದುನನ ಪತ್ರ ಸೊಕ್ಕಿನದ್ದು, ಅದನ್ನು ಟೈಪ್ ಮಾಡುವಾಗ ಅಕ್ಕ ನನ್ನನ್ನೂ ಗದರುತ್ತಿದ್ದಳು. ಅತ್ತೆಯ ಕಂಪನಿ ಮಾತ್ರ ಹಳೇ ಕಾಲದ್ದು, ಮಳೆ ಬೆಳೆ ವಿಚಾರಿಸಿಕೊಂಡೇ ದರಕ್ಕೆ ಬರುತ್ತಿತ್ತು. ಕಂಟ್ರಾಕ್ಟರ್ ಓದದೆಯೇ ಮೂರಕ್ಕೂ ಸಹಿ ಹಾಕುವರು, ಅತ್ತೆಯದ್ದಕ್ಕೆ ಎಡಗೈಯಲ್ಲಿ. ನಾನು ಲಕೋಟೆಗೆ ಗೋಂದು ಹಚ್ಚುವೆ. ಇದರಲ್ಲಿ ತಪ್ಪೇನಾದರೂ ಇದೆಯೆಂದು ನಮ್ಮಿಬ್ಬರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಗಿರಾಕಿ ಹೇಳಿದ್ದನ್ನು ಟೈಪ್ ಮಾಡುವುದು ನಮ್ಮ ಕಸುಬು.

ಪೈಪೋಟಿಯ ಫಲವನ್ನು ಮಾತ್ರ ಊರೆಲ್ಲ ಉಣ್ಣುತ್ತಿತ್ತು. ಬಸ್ ನಿಲ್ದಾಣದ ಬೆಂಚು ಮುಂದಕ್ಕೆ ವಾಲಿತ್ತು. ಅಲ್ಲಿ ಕೂತವರೆಲ್ಲ ಕಾಲೂರಿ ಬ್ರೇಕ್ ಹಾಕಿಕೊಂಡೇ ಬಸ್ಸಿಗೆ ಕಾಯಬೇಕು. ನಮ್ಮ ಬೀದಿಯ ದೀಪ ಹಗಲಲ್ಲಿ ಉರಿದು ಸಂಜೆಗೆ ಸುಸ್ತಾಗುತ್ತಿತ್ತು. ನಾನು ಬೈಯುತ್ತಿದ್ದೆ, ಅಕ್ಕ ನನಗಿಂತ ಜೋರಾಗಿ ಬೈಯುತ್ತಿದ್ದಳು. ಯಾರನ್ನು ಬೈಯುತ್ತಿದ್ದೇವೆಂದು ಇಬ್ಬರೂ ಯೋಚಿಸಲಿಲ್ಲ.

ಆ ವರ್ಷ ಅಕ್ಕನ ಮಗಳು ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಒಂಬತ್ತು ವರ್ಷ, ಬಾಯಿ ಮಾತ್ರ ತೊಂಬತ್ತರದ್ದು. ಎರಡು ತಿಂಗಳಲ್ಲಿ ಆ ಬಾಯಿಗೆ ಬೀಗ ಬಿತ್ತು. ಬೆಳಿಗ್ಗೆ ಎದ್ದರೆ ನೀರು ಕುಡಿಯುತ್ತಿರಲಿಲ್ಲ, ಸಂಜೆ ಬಂದವಳು ಚೀಲವನ್ನೂ ಇಳಿಸದೆ ಬಚ್ಚಲಿಗೆ ಓಡುತ್ತಿದ್ದಳು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಡಾಕ್ಟರು ನೋಡಿ, "ಮಗು ದಿನವೆಲ್ಲ ಮೂತ್ರ ತಡೆದುಕೊಳ್ತಿದೆ. ಹೀಗೇ ಆದ್ರೆ ಮೂತ್ರಪಿಂಡಕ್ಕೇ ಕುತ್ತು," ಎಂದರು.

"ಯಾಕೇ ತಡ್ಕೊಳ್ತೀಯ?" ಅಕ್ಕ ಕೇಳಿದಳು.

"ಅಲ್ಲಿ ಬಾಗಿಲೇ ಇಲ್ಲಮ್ಮ," ಎಂದಳು ಮಗಳು. "ಎಲ್ರೂ ನೋಡ್ತಾರೆ."

ಮರುದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಹೊರಟಳು. ಮುಖ್ಯೋಪಾಧ್ಯಾಯಿನಿಯ ಗತಿಯೇನೋ ಎಂದು ನಾನೂ ಬೆನ್ನಿಗೆ ಹೋದೆ. ಅಕ್ಕ ಹತ್ತು ನಿಮಿಷ ಚಳಿ ಬಿಡಿಸಿದಳು. ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಬೀರುವಿನಿಂದ ಒಂದು ಕಡತ ತೆಗೆದು ಮುಂದಿಟ್ಟರು.

"ನಾನೇನು ಸುಮ್ನೆ ಕೂತಿಲ್ಲಮ್ಮ. ಮೂರು ಸಲ ಬಾಗಿಲು ಕೇಳಿದೆ, ಮೂರು ಸಲಾನೂ ಮಂಜೂರಾಯ್ತು. ಬಾಗಿಲು ಬರೋ ಬದಲು ಪ್ರತಿಸಲಾನೂ ಈ ಪತ್ರ ಬಂತು. ಬಾಗಿಲು ಇದೆ ಅಂತ ಕಾಗದಾನೇ ಹೇಳುವಾಗ, ಇಲ್ಲ ಅಂದ್ರೆ ನನ್ನ ಮಾತು ಯಾರು ಕೇಳ್ತಾರೆ?"

ಅಕ್ಕ ಪತ್ರ ನೋಡಿದಳು. 'ಆರು ಶೌಚಾಲಯಗಳಿಗೂ ಗಟ್ಟಿಮುಟ್ಟಾದ ಬಾಗಿಲುಗಳನ್ನು ತೃಪ್ತಿಕರವಾಗಿ ಅಳವಡಿಸಲಾಗಿದೆಯೆಂದು ತಿಳಿಸಲು ಹರ್ಷಿಸುತ್ತೇವೆ.' ನೀಲಿ ಸೀಲು, ಅತಿ ವಿನಯ. ಆ 'ಹರ್ಷಿಸುತ್ತೇವೆ' ಎನ್ನುವುದು ಕಂಟ್ರಾಕ್ಟರ್ ಹೇಳಿದ ಮಾತಲ್ಲ, ಪತ್ರಕ್ಕೆ ಕಳೆ ಬರಲೆಂದು ಅಕ್ಕ ತಾನೇ ಸೇರಿಸಿದ್ದು. ಅವಳು ಪತ್ರವನ್ನು ಕಡತದೊಳಗೆ ವಾಪಸ್ ಇಟ್ಟು ಎದ್ದು ಹೊರಟಳು. ಜಗಳವಾಡದ ಅಕ್ಕನನ್ನು ನಾನು ಅವತ್ತೇ ಮೊದಲು ನೋಡಿದ್ದು, ನನಗೆ ನಿಜಕ್ಕೂ ಭಯವಾಯಿತು.

ಮುಖ್ಯೋಪಾಧ್ಯಾಯಿನಿ ಮತ್ತೊಮ್ಮೆ ಅರ್ಜಿ ಹಾಕಿದ್ದರಿಂದ ಹದಿನೈದು ದಿನಕ್ಕೆ ಅದೇ ಬಾಗಿಲುಗಳಿಗೆ ನಾಲ್ಕನೆಯ ಸಲ ಕೊಟೇಶನ್ ಕರೆದರು. ಕಂಟ್ರಾಕ್ಟರ್ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ಚೀಟಿಯಿಟ್ಟು "ಮಾಮೂಲಿ" ಎಂದರು. ಅಕ್ಕ ಟೈಪ್ ಮಾಡಿದಳು. ಅವರು ಎಂದಿನಂತೆ ಓದದೆ ಸಹಿ ಹಾಕಿದರು. ನಾನು ಗೋಂದು ಹಚ್ಚಿದೆ.

ಲಕೋಟೆ ಒಡೆದ ದಿನ ಕಚೇರಿಯಿಂದ ಕಂಟ್ರಾಕ್ಟರ್ ನಮ್ಮ ಅಂಗಡಿಗೆ ಬಂದ ವೇಗಕ್ಕೆ ಚಪ್ಪಲಿಯೊಂದು ರಸ್ತೆಯ ನಡುವೆಯೇ ಉಳಿಯಿತು.

"ಏನಮ್ಮಾ ಇದು! ನಮ್ಮತ್ತೆಗೆ ಬಂದ್ಬಿಟ್ಟಿದೆ ಕೆಲಸ!"

"ಅಯ್ಯೋ ಹೌದಾ ಸಾರ್? ಒಳ್ಳೇದಾಯ್ತಲ್ಲ," ಎಂದಳು ಅಕ್ಕ.

"ಏನು ಒಳ್ಳೇದು? ಅವರದ್ದು ಜಾಸ್ತಿ ಇರ್ಬೇಕಿತ್ತು, ನಂದು ಕಡಿಮೆ!"

"ಕೈ ತಪ್ಪಾಯ್ತೇನೋ ಸಾರ್. ಬನ್ನಿ, ಈಗ್ಲೇ ಹೋಗಿ ಸಾಹೇಬ್ರಿಗೆ ಹೇಳೋಣ. ಮೂರೂ ನಾನೇ ಟೈಪ್ ಮಾಡಿದ್ದು, ಮೂರಕ್ಕೂ ನೀವೇ ಸಹಿ ಹಾಕಿದ್ದು, ಅದಲುಬದಲಾಗಿದೆ ಅಂತ."

ಕಂಟ್ರಾಕ್ಟರಿಗದು ನುಂಗಲಾರದ ಬಿಸಿ ತುಪ್ಪವಾಯಿತು. "ಇನ್ಮೇಲೆ ನಿಮ್ಮ ಅಂಗಡಿ ಕಡೆ ತಲೆ ಹಾಕಿ ಮಲಗಿದ್ರೆ ಕೇಳಿ," ಎಂದು ಒಂದೇ ಚಪ್ಪಲಿಯಲ್ಲಿ ಹೊರಟುಹೋದರು. ನಮ್ಮ ಅರ್ಧ ವ್ಯಾಪಾರ ಅವರೊಬ್ಬರಿಂದಲೇ.

"ಬೇಕಂತಲೇ ಮಾಡಿದ್ಯಾ?" ಎಂದೆ.

"ಹ್ಞೂಂ. ಅವರ ಕೈಗೆ ಮಾತ್ರ ಸಿಗಬಾರ್ದು ಅನ್ನಿಸ್ತು," ಎಂದಳು. "ಮುಂದೇನಂತ ಯೋಚನೆ ಮಾಡಿಲ್ಲ ಕಣೋ."

ಮುಂದಿನದನ್ನು ಅತ್ತೆಯವರೇ ಯೋಚಿಸಿದರು. ವಯಸ್ಸು ಎಪ್ಪತ್ತರ ಹತ್ತಿರ. ಅಳಿಯನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಬಾಯಿ ಬಿಟ್ಟರೆ "ನಿಮಗ್ಯಾಕತ್ತೆ ಅದೆಲ್ಲ" ಎಂಬ ಉತ್ತರ. ಎಂದೋ ಪಿಂಚಣಿ ಕಾಗದವೆಂದು ಹೇಳಿ ಅಳಿಯ ಹಾಕಿಸಿಕೊಂಡ ಸಹಿಯಿಂದ ತಾನೊಂದು ಕಂಪನಿಯ ಮಾಲೀಕಳಾಗಿದ್ದೇನೆಂದು ಅವರಿಗೆ ತಿಳಿದದ್ದು ಕಚೇರಿಯ ಜವಾನ ಆದೇಶಪತ್ರ ತಂದು ಅವರ ಕೈಗೇ ಕೊಟ್ಟಾಗ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ.

"ಇಲ್ಲಿ ಕೊಡಿ ಅತ್ತೆ, ನಾನು ನೋಡ್ಕೋತೀನಿ," ಎಂದರಂತೆ ಕಂಟ್ರಾಕ್ಟರ್.

"ನಿಮಗ್ಯಾಕೆ ಅಳಿಯಂದ್ರೇ ಅದೆಲ್ಲ," ಎಂದರಂತೆ ಅತ್ತೆ.

ಮರುದಿನದಿಂದ ಶಾಲೆಯ ಅಂಗಳದಲ್ಲಿ ಒಂದು ಕುರ್ಚಿ, ಒಂದು ಕೊಡೆ, ಅದರ ಕೆಳಗೆ ಅತ್ತೆ. ಬಡಗಿ ತಂದ ಹಲಗೆಯನ್ನು ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, "ಇದು ಟೊಳ್ಳು, ವಾಪಸ್ ತಗೊಂಡು ಹೋಗು," ಎನ್ನುತ್ತಿದ್ದರು. ಬಾಗಿಲ ಕೆಳಗಿನ ಸಂದಿಯಲ್ಲಿ ಏನಾದರೂ ಕಾಣುತ್ತದೆಯೇ ಎಂದು ಪರೀಕ್ಷಿಸಲು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರು. ಎಬ್ಬಿಸಲು ಇಬ್ಬರು ಬೇಕಾದರು. ಅತ್ತೆ ಊರಿಗೆಲ್ಲ ಹೇಳಿ ತಮ್ಮ ಹೆಸರು ಕೆಡಿಸಬಾರದೆಂದು ಕಂಟ್ರಾಕ್ಟರೇ ಸಿಮೆಂಟಿನ ಚೀಲ ಹೊತ್ತು ತರುತ್ತಿದ್ದರು. ಅವರು ತಮ್ಮ ಜೀವಮಾನದಲ್ಲಿ ಕೆಲಸ ನಡೆಯುವ ಜಾಗಕ್ಕೆ ಹೋದದ್ದು ಅದೇ ಮೊದಲೆಂದು ಬಡಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ತಿಂಗಳಿಗೆ ಆರೂ ಬಾಗಿಲು ನಿಂತವು. ಕೆಲಸ ಮುಗಿದ ಪತ್ರ ಟೈಪ್ ಮಾಡಿಸಲು ಅತ್ತೆ ಅಂಗಡಿಗೆ ಬಂದರು. ಜೊತೆಗೆ ಇನ್ನೊಂದು ಚೀಟಿಯನ್ನೂ ಮುಂದಿಟ್ಟರು.

"ಆಸ್ಪತ್ರೆ ಮೆಟ್ಟಿಲು ಕೆಲಸ ಬಂದಿದೆಯಂತೆ. ಮೂರು ಕೊಟೇಶನ್ ಬೇಕಂತೆ. ನಂದು ಕಡಿಮೆ ಹಾಕು ತಾಯಿ, ಅಳಿಯಂದು ಸ್ವಲ್ಪ ಜಾಸ್ತಿ ಮಾಡು."

ನಾನು ಯಂತ್ರದ ಹಿಂದೆ ತಲೆ ತಗ್ಗಿಸಿ ನಗು ತಡೆದುಕೊಂಡೆ. ಅಕ್ಕ ನಗಲಿಲ್ಲ.

"ಅಮ್ಮಾ, ನಿಮ್ಮದು ಮಾತ್ರ ಟೈಪ್ ಮಾಡ್ತೀನಿ. ಅವರದ್ದು ಅವರು ನೋಡ್ಕೊಳ್ಲಿ."

"ಹಾಗಾದ್ರೆ ನಾನು ಸೋತುಬಿಟ್ರೆ?"

"ಸೋಲ್ತೀರಿ."

ಕೊಟೇಶನ್ ಹಾಕಿ ಸೋಲುವುದೂ ಉಂಟೆಂದು ಅತ್ತೆಗೆ ಹೊಳೆದೇ ಇರಲಿಲ್ಲ. ಚೀಟಿಯನ್ನು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು, "ಸರಿ, ಮೊದಲು ಬಾಗಿಲಿನ ಪತ್ರ ಮಾಡು," ಎಂದರು.

"ನೋಡದೆ ಮಾಡಲ್ಲ," ಎಂದು ಅಕ್ಕ ಎದ್ದಳು.

ನಾವು ಮೂವರೂ ಶಾಲೆಗೆ ಹೋದಾಗ ತರಗತಿಗಳು ನಡೆಯುತ್ತಿದ್ದವು. ಅತ್ತೆಯೂ ನಾನೂ ಅಂಗಳದಲ್ಲಿ ನಿಂತೆವು. ಅಕ್ಕ ಒಂದೊಂದೇ ಬಾಗಿಲನ್ನು ತೆರೆದು ಮುಚ್ಚಿ ನೋಡುತ್ತ ಹೋದಳು. ಕೊನೆಯದರ ಒಳಗೆ ಹೋದವಳು ಹೊರಗೆ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಒಳಗಿನಿಂದ ಮೂಗೆಳೆಯುವ ಸದ್ದು ಕೇಳಿಸಿತು. ಕರೆಯಲು ನನಗೆ ಮನಸ್ಸಾಗಲಿಲ್ಲ. ಬಾಗಿಲು ಹಾಕಿದ್ದೇವೆಂಬ ಆ ಸುಳ್ಳು ಪತ್ರದ ಜೆರಾಕ್ಸ್ ಮೂರು ಸಲವೂ ತೆಗೆದವನು ನಾನೇ ತಾನೆ?

ಅಷ್ಟರಲ್ಲಿ ಬಿಡುವಿನ ಗಂಟೆ ಹೊಡೆಯಿತು. ಹುಡುಗಿಯರು ದಬದಬನೆ ಓಡಿಬಂದು ಐದು ಬಾಗಿಲುಗಳನ್ನು ಹಿಡಿದರು. ಆರನೆಯದರ ಮುಂದೆ ನಿಂತಿದ್ದು ಅಕ್ಕನ ಮಗಳು. ನನ್ನನ್ನು ನೋಡುವಷ್ಟೂ ಪುರಸೊತ್ತಿಲ್ಲ ಅವಳಿಗೆ. ಎರಡೂ ಕೈಯಿಂದ ಬಾಗಿಲು ಬಡಿದಳು.

"ಯಾರೇ ಅದು ಒಳಗೆ? ಎಷ್ಟೊತ್ತೇ? ಅಲ್ಲೇ ಮನೆ ಮಾಡ್ಕೊಂಡ್ಯಾ? ಬಾರೇ ಆಚೆ!"

ಅಕ್ಕ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಮಗಳು "ಅಮ್ಮಾ? ನೀನಾ?" ಎಂದಳು, ಉತ್ತರಕ್ಕೆ ಕಾಯದೆ ಅಕ್ಕನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿ, ಅವಳ ಮುಖದ ಮೇಲೇ ಬಾಗಿಲು ಹಾಕಿಕೊಂಡಳು.